ವೈಟ್‌ಫೀಲ್ಡಿನ ಕಥೆ, ನಮ್ಮೂರಿನ ಪಾಠ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಅಧ್ಯಕ್ಷರೂ ಆಡಳಿತ ಮಂಡಳಿಯವರೂ ಕೇಳಿದರು. ಸಂಘದ ಲೆಕ್ಕಪತ್ರ, ಏಳಿಗೆ ಎಲ್ಲವೂ ಕಾರ್ಯದರ್ಶಿಗಳ ವರದಿಯಲ್ಲಿದೆ. ಆದ್ದರಿಂದ ನಾನು ಬೇರೊಂದು ವಿಷಯ ಎತ್ತಿಕೊಂಡಿದ್ದೇನೆ. ಅದು ನಮ್ಮ ಮಗ್ಗುಲಲ್ಲೇ ಇರುವ, ನಾವು ದಿನಾ ಬಸ್ಸಿನಲ್ಲಿ ದಾಟಿ ಹೋಗುವ ವೈಟ್‌ಫೀಲ್ಡಿನ ಚರಿತ್ರೆ. ಪಕ್ಕದೂರಿನ ಪುರಾಣ ನಮಗ್ಯಾಕೆ ಅಂತ ಕೆಲವರು ಕೇಳಬಹುದು. ಕೊನೇವರೆಗೂ ಓದಿ, ಆಮೇಲೆ ಹೇಳಿ.

ನೆಲ ಇತ್ತು, ಸಂತೆ ಇರಲಿಲ್ಲ

ವೈಟ್‌ಫೀಲ್ಡ್ ಅಂದರೆ ಬಿಳಿ ಹೊಲ ಅಂತ ನಮ್ಮ ಹುಡುಗರು ಅರ್ಥ ಹೇಳುತ್ತಾರೆ. ಅದು ಹಾಗಲ್ಲ. ವೈಟ್ ಎಂಬುದು ಒಬ್ಬ ಮನುಷ್ಯನ ಹೆಸರು. ಡಿ. ಎಸ್. ವೈಟ್ ಎಂಬುವರು ಆಂಗ್ಲೋ ಇಂಡಿಯನ್ ಜನರ ಸಂಘ ಕಟ್ಟಿದವರು. ತಮ್ಮ ಜನ ಸರ್ಕಾರಿ ಚಾಕರಿಯೊಂದನ್ನೇ ನಂಬಿ ಕೂರಬಾರದು, ಭೂಮಿ ಉತ್ತು ಸ್ವಂತ ಕಾಲ ಮೇಲೆ ನಿಲ್ಲಬೇಕು ಎಂಬುದು ಅವರ ಆಸೆ.

1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಧಾತು ಈಶ್ವರ ಸಂವತ್ಸರಗಳ ದೊಡ್ಡ ಬರ ಹಿಂಡಿಹಾಕಿತ್ತು. 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಒಡೆಯರ ಮನೆತನಕ್ಕೆ ಹಿಂತಿರುಗಿಸಿದರು. ಮರುವರ್ಷ, ಅಂದರೆ 1882ರಲ್ಲಿ, ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿ ಕೊಟ್ಟರು. ಹೀಗೆ ವೈಟ್‌ಫೀಲ್ಡ್ ಹುಟ್ಟಿದ್ದೇ ಒಂದು ಬೇಸಾಯದ ಹಳ್ಳಿಯಾಗಿ. ಇವತ್ತು ಗಾಜಿನ ಕಟ್ಟಡ ನೋಡುವವರು ಇದನ್ನು ನಂಬುವುದಿಲ್ಲ. ನಡುವೆ ಗುಂಡಗೆ ಬಯಲು, ಸುತ್ತ ಹೆಂಚಿನ ಮನೆ, ಮನೆ ಮುಂದೆ ತೋಟ, ಹೀಗೆ ಊರಿನ ನಕ್ಷೆ ಹಾಕಿದರು. ಈಗಲೂ ಆ ಜಾಗಕ್ಕೆ ಇನ್ನರ್ ಸರ್ಕಲ್ ಅಂತಲೇ ಹೆಸರು. ಹತ್ತೊಂಬತ್ತನೆಯ ಶತಮಾನದ ಇಗರ್ಜಿಯೂ ಅಲ್ಲೇ ಇದೆ. ಬೆಂಗಳೂರು ದಂಡಿಗೆ ಮದರಾಸಿನ ರೈಲು 1864ರಲ್ಲೇ ಬಂದಿತ್ತು. ಆ ದಾರಿ ಕಾಡುಗೋಡಿಯ ಪಕ್ಕದಲ್ಲೇ ಹಾದುಹೋಗುತ್ತದೆ.

ಇಷ್ಟೆಲ್ಲ ಇದ್ದರೂ ಬೇಸಾಯ ಕೈಹಿಡಿಯಲಿಲ್ಲ. ನಮ್ಮ ಕಡೆಯ ರೈತನಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಇದು ಮಳೆ ನಂಬಿದ ಕೆಂಪು ಮಣ್ಣಿನ ಬೆದ್ದಲು. ಕೈಗೆಟುಕುವ ಹೊಳೆಯಿಲ್ಲ, ಕೆರೆಯೇ ಗತಿ. ನೇಗಿಲು ಹಿಡಿದು ಅಭ್ಯಾಸವಿಲ್ಲದವರಿಗೆ ಅದು ಒಲಿಯುವುದು ಕಷ್ಟ. ಒಂದು ವರ್ಷ ಬೆಳೆ ಕೈಕೊಟ್ಟರೆ ಮುಂದಿನ ವರ್ಷದ ಬಿತ್ತನೆಗೆ ಸಾಲ ಕೊಡಲು ನಮ್ಮಂಥ ಸಂಘ ಆಗ ಇರಲಿಲ್ಲ. ಬರುಬರುತ್ತಾ ಹರೆಯದವರು ರೈಲ್ವೆ ಮುಂತಾದ ನೌಕರಿಗಳಿಗೆ ಹೋದರು, ಪಿಂಚಣಿ ಪಡೆದ ಹಿರಿಯರು ಬಂದು ನೆಲೆಸಿದರು. ಸ್ವಾತಂತ್ರ್ಯ ಬಂದ ಮೇಲೆ ಅನೇಕ ಕುಟುಂಬಗಳು ಇಂಗ್ಲೆಂಡಿಗೂ ಆಸ್ಟ್ರೇಲಿಯಾಕ್ಕೂ ಹೊರಟುಹೋದವು.

ಅವರ ಹತ್ತಿರ ನೆಲ ಇತ್ತು, ಬೆನ್ನ ಹಿಂದೆ ಸಾಲದ ಆಸರೆ ಇರಲಿಲ್ಲ, ಮುಂದೆ ಸಂತೆ ಇರಲಿಲ್ಲ. ಇದು ಮೊದಲನೇ ಪಾಠ.

ಸಹಕಾರ ಬಂದ ಬಗೆ

ಅವರಿಗೆ ಸಿಗದ ಆಸರೆ ನಮಗೆ ಸಿಕ್ಕಿತು. ನಮ್ಮ ದೇಶದಲ್ಲಿ ಸಹಕಾರ ಸಂಘಗಳ ಕಾಯಿದೆ ಬಂದದ್ದು 1904ರಲ್ಲಿ. ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಮೈಸೂರು ಸಂಸ್ಥಾನದಲ್ಲೂ 1905ರಲ್ಲಿ ಕಾಯಿದೆಯಾಯಿತು. 1965ರಲ್ಲಿ ಬೆಂಗಳೂರು ಡೇರಿ ಶುರುವಾಯಿತು. 1970ರ ದಶಕದಿಂದ ಹಳ್ಳಿಹಳ್ಳಿಗೂ ಹಾಲಿನ ಸಂಘಗಳು ಬಂದವು. ಲೀಟರಿಗೆ ಇಷ್ಟು ಅಂತ ಡಿಗ್ರಿ, ಫ್ಯಾಟ್ ನೋಡಿ ದುಡ್ಡು ಕೊಡುವ ಪದ್ಧತಿ ಬಂತು. ಅದಕ್ಕೆ ಮುಂಚೆ ಹಾಲಿನವನು ಹೇಳಿದ್ದೇ ಅಳತೆ, ಕೊಟ್ಟಿದ್ದೇ ಬೆಲೆ. ರಾಗಿ ಮನೆಗೆ, ಹಾಲಿನ ದುಡ್ಡು ಮಕ್ಕಳ ಶಾಲೆಗೆ, ಹೀಗೆ ಎಷ್ಟು ಸಂಸಾರಗಳು ದಡ ಸೇರಿದವು ಎಂಬುದು ಓದುಗರಿಗೆ ಗೊತ್ತೇ ಇದೆ.

ಸಂತೆ ಬಂತು, ನೆಲ ಹೋಯಿತು

1960ರ ದಶಕದಲ್ಲಿ ಕಾಡುಗೋಡಿಯಲ್ಲಿ ಸತ್ಯಸಾಯಿ ಬಾಬಾ ಅವರ ಬೃಂದಾವನ ಆಶ್ರಮವಾಗಿ, ಪರಸ್ಥಳದ ಭಕ್ತರು ಬರತೊಡಗಿದ ಮೇಲೆ ಹೋಟೆಲು, ಹೂವಿನ ಅಂಗಡಿ, ಬಾಡಿಗೆ ಮನೆ ಅಂತ ಒಂದಿಷ್ಟು ವ್ಯಾಪಾರ ಕುದುರಿತು. ಆದರೂ ಊರು ಊರಾಗೇ ಇತ್ತು. ನಿಜವಾದ ಬದಲಾವಣೆ ಬಂದದ್ದು 1994ರ ನಂತರ. ಕರ್ನಾಟಕ ಸರ್ಕಾರ, ಟಾಟಾ ಸಂಸ್ಥೆ ಮತ್ತು ಸಿಂಗಪುರದ ಕಂಪನಿಗಳು ಸೇರಿ ಪಟ್ಟಂದೂರು ಅಗ್ರಹಾರದ ಹತ್ತಿರ ಐಟಿಪಿಎಲ್ ಎಂದು ಎಲ್ಲರೂ ಕರೆಯುವ ಟೆಕ್ ಪಾರ್ಕು ಕಟ್ಟಿದವು. ನಮ್ಮ ಸಂಘ ಶುರುವಾದ ಹೊತ್ತಿಗೆ ಅದು ಆಗಲೇ ಎದ್ದು ನಿಂತಿತ್ತು. 2001ರಲ್ಲಿ ಸಾಯಿ ಆಸ್ಪತ್ರೆಯಾಯಿತು. 2007ರಲ್ಲಿ ಈ ಸೀಮೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. 2023ರ ಮಾರ್ಚಿನಲ್ಲಿ ಕಾಡುಗೋಡಿಗೆ ಮೆಟ್ರೋ ರೈಲೂ ಬಂತು. 2020ರಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ, ಬೇಸಾಯಗಾರನಲ್ಲದವನೂ ಬೇಸಾಯದ ಜಮೀನು ಕೊಳ್ಳಬಹುದೆಂದಾಯಿತು. ಹೀಗಾಗಿ ಕೊಳ್ಳುವವರು ಈಗ ನಮ್ಮ ಹೊಸ್ತಿಲಲ್ಲೇ ನಿಂತಿದ್ದಾರೆ.

ಈ ಸಲ ಸಂತೆಗೆ ಕೊರತೆಯಿಲ್ಲ. ಲಕ್ಷಾಂತರ ಜನ, ಕೈತುಂಬ ಸಂಬಳ. ಹಾಲು, ತರಕಾರಿ, ಹೂವು, ಎಳನೀರು, ಏನು ತಂದರೂ ಕೊಳ್ಳುತ್ತಾರೆ. ಆದರೆ ಮಾರುವುದಕ್ಕೆ ನಮ್ಮ ಕೈಲಿ ಏನು ಉಳಿದಿದೆ?

ಪರರ ಮನೆ ಮಾತು ಬೇಡ, ನಮ್ಮ ಮನೆಯದನ್ನೇ ಹೇಳುತ್ತೇನೆ. 2005ರಲ್ಲಿ ನಾವು ಮೂವರು ಅಣ್ಣತಮ್ಮಂದಿರು ಎರಡು ಎಕರೆ ಹತ್ತು ಗುಂಟೆ ಮಾರಿದೆವು. ಒಬ್ಬೊಬ್ಬರಿಗೆ ಮೂವತ್ತು ಗುಂಟೆಯ ದುಡ್ಡು ಬಂತು. ರಿಜಿಸ್ಟ್ರಿಗೆ ಹೊರಟಾಗ ನಮ್ಮಮ್ಮ ಕೊಟ್ಟಿಗೆ ಬಾಗಿಲಲ್ಲಿ ನಿಂತು, "ಹೊಲ ಮಾರಿದ ಮೇಲೆ ಹಸಕ್ಕೆ ಹುಲ್ಲು ಎಲ್ಲಿಂದ ತರ್ತೀರೋ?" ಅಂದಳು. ಮೂವರೂ ತಲೆ ಬಗ್ಗಿಸಿಕೊಂಡು ಕಾರು ಹತ್ತಿದೆವು. ಆ ಮಾತಿಗೆ ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ.

ನನ್ನ ಪಾಲು ಮಗಳ ಮದುವೆಗೂ ಮನೆ ಕಟ್ಟುವುದಕ್ಕೂ ಆಗಿ ಹೋಯಿತು. ಅಣ್ಣ ಕಾರು ತಗೊಂಡ, ಉಳಿದದ್ದನ್ನು ಗೊತ್ತಿರುವವರಿಗೆ ಬಡ್ಡಿಗೆ ಕೊಟ್ಟ, ಅಸಲೂ ಬರಲಿಲ್ಲ. ತಮ್ಮ ಒಬ್ಬನೇ ಬುದ್ಧಿವಂತ. ನಾಲ್ಕು ಬಾಡಿಗೆ ಮನೆ ಕಟ್ಟಿದ, ತಿಂಗಳು ತಿಂಗಳು ಬಾಡಿಗೆ ಬರ್ತಾ ಇದೆ. ಹುಲ್ಲು ಕೊಂಡು ಹಾಕಿ ಪೂರೈಸದೆ ನನ್ನ ಮೂರು ಹಸು ಒಂದೊಂದಾಗಿ ಕೊಟ್ಟಿಗೆ ಬಿಟ್ಟವು. ಸಂಘದ ಪುಸ್ತಕದಲ್ಲಿ ನನ್ನ ಹೆಸರಿದೆ, ಕ್ಯಾನಿನಲ್ಲಿ ನನ್ನ ಹಾಲಿಲ್ಲ. ನಿಯಮದಷ್ಟು ಹಾಲು ಹಾಕದವನಿಗೆ ಮತದ ಹಕ್ಕೂ ಇಲ್ಲ. ಸ್ಥಾಪಕ ಸದಸ್ಯನಾದ ನಾನು ಸರ್ವಸದಸ್ಯರ ಸಭೆಯಲ್ಲಿ ಹಿಂದಿನ ಕುರ್ಚಿಯಲ್ಲಿ ಕೂತು ಬರ್ತೀನಿ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ನೀರಿನ ಕಥೆಯೂ ಇದೇ. ವರ್ತೂರು ಕೆರೆ ಒಂದು ಕಾಲಕ್ಕೆ ಗದ್ದೆಗಳಿಗೆ ನೀರುಣಿಸಿದ ಕೆರೆ. 2015ರಲ್ಲಿ ಅದರ ಕೊಳಕು ನೊರೆ ರಸ್ತೆಗೆ ಹಾರಿದ್ದನ್ನು ಇಡೀ ದೇಶವೇ ನೋಡಿತು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ಲುಗಳು ಬತ್ತಿ, ಟ್ಯಾಂಕರ್ ನೀರಿಗೆ ಜಿಲ್ಲಾಡಳಿತವೇ ದರ ಗೊತ್ತುಮಾಡಬೇಕಾಯಿತು. ಶ್ರೀಮಂತ ಊರು ಅನ್ನಿಸಿಕೊಂಡರೂ ನೀರು ಕೊಂಡು ಕುಡಿಯುವ ಊರಾಯಿತು.

ಇಂಥ ಊರಲ್ಲಿ ಬದುಕುವುದು, ವ್ಯಾಪಾರ ಮಾಡುವುದು

ಹಾಗಂತ ಹೊಸದಾಗಿ ಬಂದವರನ್ನು ದೂರುವುದು ತಪ್ಪು. ಅವರು ನಮ್ಮ ಗಿರಾಕಿಗಳು, ನಮ್ಮ ಬಾಡಿಗೆದಾರರು, ಎಷ್ಟೋ ಮನೆಯ ಮಕ್ಕಳಿಗೆ ಕೆಲಸವೂ ಅವರಿಂದಲೇ ಸಿಕ್ಕಿದೆ. ಆದರೆ ಅವರ ರೀತಿ ಬೇರೆ. ಹಳ್ಳಿಯ ಗಿರಾಕಿ ಉದ್ದರಿ ಬರೆಸುತ್ತಾನೆ, ಸುಗ್ಗಿಗೆ ತೀರಿಸುತ್ತಾನೆ. ಚೌಕಾಸಿ ಮಾಡಿದರೂ ಅಂಗಡಿ ಬದಲಾಯಿಸುವುದಿಲ್ಲ. ಅಪಾರ್ಟ್‌ಮೆಂಟಿನ ಗಿರಾಕಿ ಕೇಳಿದಷ್ಟು ಕೊಟ್ಟು ಫೋನಿನಲ್ಲೇ ದುಡ್ಡು ಹಾಕುತ್ತಾನೆ. ಎರಡು ದಿನ ಹಾಲು ತಡವಾದರೆ ಮೂರನೇ ದಿನ ಬೇರೆಯವರಿಗೆ ಹೇಳಿರುತ್ತಾನೆ. ಅವನಿಗೆ ಬೇಕಾದದ್ದು ಹೊತ್ತು, ಅಳತೆ, ಶುಚಿ.

ಇನ್ನೊಂದು ಮಾತು. ನಾನೊಬ್ಬನೇ ಕ್ಯಾನು ಹಿಡಿದು ಹೋದರೆ ಗೇಟಿನ ಕಾವಲುಗಾರ ಒಳಕ್ಕೆ ಬಿಡುವುದಿಲ್ಲ. ಅದೇ ಸಂಘದ ಹೆಸರು, ರಸೀತಿ ಪುಸ್ತಕ, ಮೊಹರು ಇಟ್ಟುಕೊಂಡು ಹೋದರೆ ಕೂರಿಸಿ ಮಾತಾಡುತ್ತಾರೆ. ಒಂಟಿ ಮನುಷ್ಯನಿಗೆ ಇಲ್ಲದ ಬೆಲೆ ಸಂಘಕ್ಕೆ ಇದೆ.

ಆದ್ದರಿಂದ ಹಿರಿಯನೆಂಬ ಸಲಿಗೆಯಿಂದ ಮೂರು ಮಾತು. ಒಂದು, ಮಾರಲೇಬೇಕಾದ ಪ್ರಸಂಗ ಬಂದರೂ ಎಲ್ಲವನ್ನೂ ಮಾರಬೇಡಿ. ಹುಲ್ಲಿಗೂ ಕೊಟ್ಟಿಗೆಗೂ ಆಗುವಷ್ಟು ನೆಲ ಉಳಿಸಿಕೊಳ್ಳಿ. ಎರಡು, ಬಂದ ದುಡ್ಡಿನಲ್ಲಿ ಮೊದಲ ಪಾಲು ತಿಂಗಳು ತಿಂಗಳು ದುಡಿಯುವ ಕಡೆ ಹಾಕಿ, ಮದುವೆ ಚಪ್ಪರ ಆಮೇಲೆ. ಸಹಿ ಹಾಕುವ ಮುಂಚೆ ಮನೆಯ ಹೆಂಗಸರನ್ನು ಕೇಳಿ; ಕೊಟ್ಟಿಗೆಯ ಲೆಕ್ಕ ಅವರಿಗೆ ಗೊತ್ತು. ಮೂರು, ಸಂಘದ ನಿವೇಶನವನ್ನು ಯಾರು ಎಷ್ಟೇ ಬೆಲೆ ಹೇಳಿದರೂ ಕೈಬಿಡಬೇಡಿ. ಮುಂದೆ ಮಳಿಗೆ ಕಟ್ಟಿ ಸ್ಥಳೀಯ ಮಾರಾಟ ಹೆಚ್ಚಿಸಬೇಕಾದರೆ ಆ ಜಾಗವೇ ಆಧಾರ.

ವೈಟ್‌ಫೀಲ್ಡಿಗೆ ಮೊದಲು ನೆಲ ಸಿಕ್ಕಿತು, ಆಗ ಸಂತೆಯಿರಲಿಲ್ಲ. ಸಂತೆ ಬಂದಾಗ ನೆಲ ಕೈಬಿಟ್ಟಿತ್ತು. ನಮ್ಮೂರಿಗೆ ಇವತ್ತು ಎರಡೂ ಇದೆ, ಜೊತೆಗೆ ಸಂಘವೂ ಇದೆ. ಈ ಮೂರೂ ಒಟ್ಟಿಗೆ ಇರುವ ಕಾಲ ಬಹಳ ದಿನ ಇರುವುದಿಲ್ಲ.

ಸುವರ್ಣ ಮಹೋತ್ಸವದ ಸಂಚಿಕೆ ಬರುವ ಹೊತ್ತಿಗೆ ನಾನು ಇರುವುದಿಲ್ಲ. ಅವತ್ತೂ ಬೆಳಿಗ್ಗೆ ಐದೂವರೆಗೆ ನಮ್ಮ ಸಂಘದ ಬಾಗಿಲು ತೆರೆಯಲಿ, ಕ್ಯಾನಿನ ಸದ್ದು ಕೇಳಲಿ ಎಂದು ಗ್ರಾಮದೇವತೆಯನ್ನು ಬೇಡಿಕೊಳ್ಳುತ್ತಾ, ಸರ್ವ ಸದಸ್ಯರಿಗೂ ಶುಭ ಕೋರಿ ಈ ಲೇಖನ ಮುಗಿಸುತ್ತೇನೆ.