ಎಕ್ಸಾಸ್ಟ್ ಪೈಪ್ ಟ್ಯೂನಿಂಗ್: ಇತಿಹಾಸ

ಎಂಜಿನ್ನಿನ ಹೊಗೆ ಕೊಳವೆಯ ಉದ್ದ, ವ್ಯಾಸ, ಆಕಾರಗಳನ್ನು ಲೆಕ್ಕ ಹಾಕಿ ಹೊಂದಿಸಿ, ಬೇಕಾದ ವೇಗದಲ್ಲಿ ಹೆಚ್ಚು ಶಕ್ತಿ ಪಡೆಯುವ ವಿಧಾನ. ಕವಾಟ ತೆರೆದೊಡನೆ ಹೊರಟ ಒತ್ತಡದ ಅಲೆ ಪೈಪಿನ ತೆರೆದ ತುದಿ ಮುಟ್ಟಿ, ಸೆಳೆಯುವ ಅಲೆಯಾಗಿ ಹಿಂದಿರುಗುತ್ತದೆ. ಅದು ಹೊತ್ತಿಗೆ ಸರಿಯಾಗಿ ಬಂದರೆ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಎಳೆದುಕೊಳ್ಳುತ್ತದೆ. ಅಲೆಯ ವೇಗ ಸೆಕೆಂಡಿಗೆ 500 ಮೀಟರ್ ಎಂದಿಟ್ಟುಕೊಂಡು, ಕ್ರ್ಯಾಂಕ್ 120 ಡಿಗ್ರಿ ತಿರುಗುವಷ್ಟರಲ್ಲಿ ಅದು ಮರಳಬೇಕೆಂದರೆ, 6000 ಆರ್‌ಪಿಎಂಗೆ ಸುಮಾರು 83 ಸೆಂ.ಮೀ., 9000ಕ್ಕೆ 56 ಸೆಂ.ಮೀ. ಪೈಪ್ ಬೇಕು. ಎಲ್ಲ ವೇಗಕ್ಕೂ ಒಪ್ಪುವ ಒಂದೇ ಉದ್ದ ಇಲ್ಲ.

ಕಡೆನಾಸಿ ಗೊಂದಲ. ಹೊಗೆ ರಭಸದಿಂದ ನುಗ್ಗುವಾಗ ತನ್ನ ಹಿಂದೆ ನಿರ್ವಾತ ಬಿಟ್ಟುಹೋಗುತ್ತದೆ ಎಂಬ ವಾದದ ಮೇಲೆ ಮಿಷೆಲ್ ಕಡೆನಾಸಿ 1930ರ ದಶಕದಲ್ಲಿ ಪೇಟೆಂಟುಗಳನ್ನು ಪಡೆದ. ಅನಿಲದ ಈ ಜಡತ್ವವೂ ಪೈಪಿನೊಳಗಿನ ಅಲೆಗಳ ಪ್ರತಿಫಲನವೂ ಬೇರೆಬೇರೆ. ಆದರೂ ಅನೇಕ ಬರಹಗಳು ಎರಡನ್ನೂ ‘ಕಡೆನಾಸಿ ಪರಿಣಾಮ’ ಎಂದೇ ಕರೆಯುತ್ತವೆ. ಉದ್ದದ ಲೆಕ್ಕ ನಿಂತಿರುವುದು ಎರಡನೆಯದರ ಮೇಲೆ.

ಟೂ ಸ್ಟ್ರೋಕ್ ಶ್ರೇಯ ಯಾರಿಗೆ? ಹೊಟ್ಟೆ ಉಬ್ಬಿ ಬಾಲ ಸಣ್ಣಗಾದ ಎಕ್ಸ್‌ಪಾನ್ಷನ್ ಚೇಂಬರ್ ಎಂಬ ಟೂ ಸ್ಟ್ರೋಕ್ ಹೊಗೆ ಕೊಳವೆಯನ್ನು ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ವಾಲ್ಟರ್ ಕಾಡೆನ್ ಕಂಡುಹಿಡಿದನೆಂದು ಹೇಳುವುದುಂಟು. ಅವನಿಗಿಂತ ಮೊದಲು, 1938ರಲ್ಲಿ, ಪೆಟ್ರೋಲ್ ಉಳಿಸಲೆಂದು ಜರ್ಮನಿಯ ಎಂಜಿನಿಯರ್ ಲಿಂಬಾಖ್ ಇಂಥ ಚೇಂಬರ್ ರೂಪಿಸಿದ್ದ. ಡಿಕೆಡಬ್ಲ್ಯು ಕಂಪನಿಯ ಎರಿಕ್ ವೋಲ್ಫ್ 1951ರ ಹೊತ್ತಿಗೆ ಅದನ್ನು ರೇಸ್ ಬೈಕಿಗೆ ತಂದ. ಕಾಡೆನ್ ಮಾಡಿದ್ದು ಅದನ್ನು ಅಳೆದು, ತಿದ್ದಿ, ಎಂಜಿನ್ನಿಗೆ ಕೂಡಿಸಿದ ಕೆಲಸ. 1961ರ 125 ಸಿಸಿ ಎಂಜೆಡ್ 25 ಅಶ್ವಶಕ್ತಿ ಕೊಟ್ಟಿತು, ಲೀಟರಿಗೆ 200. ಇದರಲ್ಲಿ ಡ್ಯಾನಿಯೆಲ್ ಝಿಮರ್‌ಮನ್ನನಿಂದ ಬಂದ, ಒಳಬರುವ ಗಾಳಿಯನ್ನು ನಿಯಂತ್ರಿಸುವ ಡಿಸ್ಕ್ ವಾಲ್ವಿನ ಪಾಲೂ ಇದೆ; ಪೂರ್ತಿ ಲೆಕ್ಕವನ್ನು ಪೈಪಿಗೇ ಬರೆಯಲಾಗದು. ಅದೇ ವರ್ಷ ಎಂಜೆಡ್ ಸವಾರ ಅರ್ನ್ಸ್ಟ್ ಡೆಗ್ನರ್ ಈ ತಂತ್ರದ ತಿಳಿವಳಿಕೆಯೊಂದಿಗೆ ಪಶ್ಚಿಮಕ್ಕೆ ಪರಾರಿಯಾಗಿ ಸುಜುಕಿ ಸೇರಿದ. 1962ರಲ್ಲಿ 50 ಸಿಸಿ ವಿಶ್ವ ಪ್ರಶಸ್ತಿ ಸುಜುಕಿಯದಾಯಿತು.

ರೇಸ್ ಕಾರು. ಫೋರ್ಡ್ ಜಿಟಿ40ಯ ವಿ8 ಎಂಜಿನ್ನಿನಲ್ಲಿ ಒಂದೊಂದು ಸಾಲಿನ ಸಿಲಿಂಡರುಗಳು ಸಮ ಅಂತರದಲ್ಲಿ ಸಿಡಿಯುತ್ತಿರಲಿಲ್ಲ. ಹಾಗಾಗಿ ಅಲೆಗಳು ಸಮ ಅಂತರದಲ್ಲಿ ಬರಲೆಂದು ಎರಡೂ ಸಾಲಿನ ಪೈಪುಗಳನ್ನು ಒಂದರ ಮೇಲೊಂದು ಹಾಯಿಸಿ ಜೋಡಿಸಬೇಕಾಯಿತು. ನೋಡಿದವರು ಅದನ್ನು ಹಾವಿನ ಕಟ್ಟು ಎಂದರು. 1967ರ ಕಾಸ್ವರ್ತ್ ಡಿಎಫ್‌ವಿ ಎಂಬ ವಿ8 ಎಂಜಿನ್, ಪ್ರತಿ ಸಾಲೂ ಸಮ ಅಂತರದಲ್ಲಿ ಸಿಡಿಯುವಂತೆ ಮಾಡುವ ಚಪ್ಪಟೆ (ಫ್ಲಾಟ್-ಪ್ಲೇನ್) ಕ್ರ್ಯಾಂಕ್ ಬಳಸಿ ಈ ತೊಡಕನ್ನೇ ತೆಗೆದುಹಾಕಿತು: ಪ್ರತಿ ಸಾಲಿನ ನಾಲ್ಕು ಪೈಪು ಸೇರಿ ಒಂದಾದರೆ ಸಾಕಿತ್ತು.

ಕರ್ನಾಟಕದಲ್ಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಟೂ ಸ್ಟ್ರೋಕ್ ಬೈಕುಗಳನ್ನು ತಯಾರಿಸಿತು. 250 ಸಿಸಿ ಜಾವಾ, ಯೆಜ್ಡಿಗಳಿಗೆ ಎರಡು ಸೈಲೆನ್ಸರ್ ಕಂಡು ಎರಡು ಸಿಲಿಂಡರ್ ಎಂದುಕೊಳ್ಳುವವರಿದ್ದಾರೆ. ಇದ್ದುದು ಒಂದೇ ಸಿಲಿಂಡರ್, ಅದರ ಮುಂದೆ ಎರಡು ಹೊಗೆ ರಂಧ್ರ. ಎರಡು ಸಿಲಿಂಡರಿನ 350 ಯೆಜ್ಡಿ ಬೇರೆಯೇ. ಸೈಲೆನ್ಸರಿನೊಳಗೆ ಸದ್ದು ತಗ್ಗಿಸುವ ಬ್ಯಾಫಲ್ ಕಿತ್ತರೆ ಗಾಡಿ ಓಡುತ್ತದೆಂಬ ಮಾತು ಬಹಳ ಕಾಲ ಚಾಲ್ತಿಯಲ್ಲಿತ್ತು. ಸದ್ದೇನೋ ಹೆಚ್ಚುತ್ತದೆ; ಮರಳುವ ಅಲೆ ಕೆಟ್ಟರೆ ಶಕ್ತಿ ಕುಗ್ಗಲೂಬಹುದು.

ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್‌ನಂಥ ವಿದ್ಯಾರ್ಥಿ ತಂಡಗಳು ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗೆ ಕಾರು ಕಟ್ಟುತ್ತವೆ. ಪೆಟ್ರೋಲ್ ಕಾರು ಉಸಿರೆಳೆಯುವ ದಾರಿಯನ್ನು ಅಲ್ಲಿನ ನಿಯಮ 20 ಮಿ.ಮೀ. ವ್ಯಾಸಕ್ಕೆ ಕಟ್ಟಿಹಾಕುತ್ತದೆ, ಸದ್ದಿಗೂ ಮಿತಿಯಿದೆ. ಒಳಗೆ ಬರುವ ಗಾಳಿಯೇ ಕಡಿಮೆಯಾದಾಗ ಹೊರಹೋಗುವ ದಾರಿಯ ಲೆಕ್ಕಕ್ಕೆ ಬೆಲೆ ಹೆಚ್ಚು. ಉದ್ದವನ್ನು ಮೊದಲು ಕಂಪ್ಯೂಟರಿನಲ್ಲಿ ಅಂದಾಜಿಸಿ, ಆಮೇಲೆ ಡೈನೊಮೀಟರಿನ ಮೇಲೆ ಪರೀಕ್ಷಿಸುವುದು ಇಂದಿನ ರೂಢಿ.