ೞಕಾರಕ್ಕೆ ಬಿದ್ದ ತಪ್ಪು ಹೆಸರು

ಹಳಗನ್ನಡದಲ್ಲಿ ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಬದುಕು. ‘ಆಳ್’ ಎಂದರೆ ಒಡೆತನ ನಡೆಸು, ‘ಆೞ್’ ಎಂದರೆ ಮುಳುಗು. ಇಂದು ಈ ಭೇದ ನಮ್ಮ ನಾಲಗೆಯಲ್ಲಿಲ್ಲ. ಮೞೆ ಮಳೆಯಾಯಿತು, ಬಾೞೆ ಬಾಳೆಯಾಯಿತು. ಆದರೆ ಚೆನ್ನೈಯಲ್ಲಿ ನೆಲೆಸಿರುವ ನಮ್ಮ ಬಂಧುಗಳಿಗೆ ಈ ಧ್ವನಿ ಅಪರಿಚಿತವಲ್ಲ. ‘ತಮಿೞ್’ ಎಂಬ ಹೆಸರಿನ ಕೊನೆಯಲ್ಲೇ ಅದು ದಿನವೂ ಕಿವಿಗೆ ಬೀಳುತ್ತದೆ.

ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ರಚಿಸುವ ವೇಳೆಗಾಗಲೇ ಆಡುಮಾತಿನಲ್ಲಿ ೞಕಾರ ಸವೆದುಹೋಗುತ್ತಿತ್ತು. ಆದ್ದರಿಂದಲೇ ಆತ ೞಕಾರವುಳ್ಳ ಶಬ್ದಗಳನ್ನು ಪಟ್ಟಿಮಾಡಿ ಕೊಟ್ಟಿದ್ದಾನೆ. ೧೮೭೨ರಲ್ಲಿ ಕಿಟ್ಟೆಲ್ಲರು ಆ ವ್ಯಾಕರಣವನ್ನು ಸಂಪಾದಿಸಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರತಂದರು. ಅಚ್ಚಿನ ಕಾಲದಲ್ಲಿ ಅಕ್ಷರವೊಂದು ಉಳಿಯಬೇಕಾದರೆ ಅದಕ್ಕೊಂದು ಸೀಸದ ಮೊಳೆ ಇರಬೇಕಾಗಿತ್ತು.

ಕಂಪ್ಯೂಟರಿಗೆ ಬೇಕಾದದ್ದು ಮೊಳೆಯಲ್ಲ, ಸಂಖ್ಯೆ. ೧೯೯೦ರ ದಶಕದಲ್ಲಿ ಒಂದೊಂದು ಕನ್ನಡ ತಂತ್ರಾಂಶವೂ ತನ್ನದೇ ಲೆಕ್ಕದಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುತ್ತಿತ್ತು. ತಕ್ಕ ಫಾಂಟ್ ಇಲ್ಲದ ಯಂತ್ರದಲ್ಲಿ ಜಾಲಪುಟವನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತಿತ್ತು. ಈ ಗೊಂದಲಕ್ಕೆ ಪರಿಹಾರವಾಗಿ ಬಂದದ್ದು ಯೂನಿಕೋಡ್. ೧೯೯೧ರಲ್ಲಿ ಮೊದಲು ಪ್ರಕಟವಾದ ಈ ಏರ್ಪಾಟು ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಲೆಕ್ಕವನ್ನು ತಂದಿತು. ಅದರಲ್ಲಿ ಕನ್ನಡಕ್ಕೆ ಮೀಸಲಾದ ಸ್ಥಾನಗಳು ೧೨೮. ಮೊದಮೊದಲ ಆವೃತ್ತಿಗಳಲ್ಲೇ ೞಕಾರಕ್ಕೂ ಒಂದು ಸ್ಥಾನ ದೊರೆಯಿತು. ಆದರೆ ಅದರ ಹೆಸರು ‘ಫ’ ಎಂದು ದಾಖಲಾಯಿತು!

ಒಮ್ಮೆ ಇಟ್ಟ ಹೆಸರನ್ನು ಮುಂದೆ ಬದಲಿಸಕೂಡದೆಂಬುದು ಯೂನಿಕೋಡಿನ ಕಟ್ಟುನಿಟ್ಟಿನ ನಿಯಮ. ಹಾಗಾಗಿ ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಪಕ್ಕದಲ್ಲಿ ಸೇರಿಸಿದ್ದಾರೆಯೇ ಹೊರತು ಹಳೆಯ ತಪ್ಪು ಅಲ್ಲಿಯೇ ಉಳಿದಿದೆ.

ಹೆಸರು ತಪ್ಪಿದ್ದರಿಂದ ಓದುಗನಿಗೆ ಹೆಚ್ಚಿನ ಹಾನಿಯಿಲ್ಲ. ಸಂಖ್ಯೆ ಸರಿಯಿದ್ದರೆ ಅಕ್ಷರ ಕಾಣುತ್ತದೆ. ಹಾನಿಯಾಗುವುದು ಬೇರೆ ಕಡೆ. ಫಾಂಟಿನಲ್ಲಿ ಆ ಅಕ್ಷರದ ಆಕಾರವಿಲ್ಲದಿದ್ದರೆ ಪರದೆಯ ಮೇಲೆ ಬರಿಯ ಚೌಕ ಮೂಡುತ್ತದೆ. ಇದನ್ನು ತಪ್ಪಿಸಲು ಬೆರಳಚ್ಚು ಮಾಡುವವರು ೞಕಾರದ ಜಾಗದಲ್ಲಿ ಳಕಾರವನ್ನು ಹಾಕಿದರೆ ಬದುಕು ಕತ್ತಿಯಾಗುತ್ತದೆ, ಮುಳುಗುವವನು ಆಳುವವನಾಗುತ್ತಾನೆ. ಏಳುನೂರು ವರ್ಷಗಳ ಹಿಂದೆ ಕೇಶಿರಾಜ ಕಾಪಾಡಲು ಹೊರಟಿದ್ದು ಈ ಭೇದವನ್ನೇ ಅಲ್ಲವೇ?

ಕೇಳುವವರಿದ್ದರೆ ಬಿಟ್ಟುಹೋದ ಅಕ್ಷರಕ್ಕೂ ಸ್ಥಾನ ಸಿಗುತ್ತದೆ. ಹಳಗನ್ನಡದಲ್ಲಿ ಪದದ ಕೊನೆಯ ನಕಾರಕ್ಕೆ ಬಳಸುತ್ತಿದ್ದ ‘ನಕಾರ ಪೊಲ್ಲು’ ೨೦೨೧ರಲ್ಲಿ ಯೂನಿಕೋಡಿಗೆ ಸೇರಿತು. ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳಲ್ಲಿ ಅನೇಕರಿಗೆ ಪಂಪ, ರನ್ನರ ದರ್ಶನವಾಗುವುದು ಪರದೆಯ ಮೇಲೆಯೇ. ಅಲ್ಲಿ ಅವರಿಗೆ ೞಕಾರ ಎದುರಾದಾಗ ಇದು ನಮ್ಮದೇ ಅಕ್ಷರವೆಂದು ಹೇಳಿಕೊಡುವ ಹೊಣೆ ಮನೆಯ ಹಿರಿಯರದು.