ಹತ್ತಿಗಾಗಿ ಎರಡಾದ ಕರಾವಳಿ

ಹಿಂದಿನ ಮಾತಿನಲ್ಲಿ ನನ್ನಿಂದ ಒಂದು ತಪ್ಪಾಗಿದೆ, ಮೊದಲು ಅದನ್ನು ಒಪ್ಪಿಕೊಂಡುಬಿಡ್ತೀನಿ. "1862ರಲ್ಲಿ ಕೆನರಾ ಜಿಲ್ಲೆ ಬಾಂಬೆ ಪ್ರೆಸಿಡೆನ್ಸಿಗೆ ಸೇರಿತು" ಅಂತ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೆ. ಮರುದಿನವೇ ಬೈಂದೂರಿನಿಂದ ಸೋದರತ್ತೆಯ ಫೋನು. "ಎಂತ ಮಾರಾಯ, ನಮ್ಮ ಊರನ್ನೂ ಬೊಂಬಾಯಿಗೆ ಸೇರ್ಸಿಬಿಟ್ಯಲ್ಲ? ನಮ್ಮ ಮಾವಯ್ಯ ಜಮೀನಿನ ಕೇಸಿಗೆ ಅಂತ ಹೋಗ್ತಿದ್ದದ್ದು ಮದ್ರಾಸಿಗೆ!"

ಅತ್ತೆ ಹುಟ್ಟಿದ್ದು ಹೊನ್ನಾವರದ ಕಡೆ, ಕೊಟ್ಟಿದ್ದು ಬೈಂದೂರಿಗೆ. ಬಸ್ಸಿನಲ್ಲಿ ಹೆಚ್ಚೆಂದರೆ ಒಂದೂವರೆ ಗಂಟೆಯ ದಾರಿ. ಆದರೆ ಅಜ್ಜನ ಮನೆಯವರು ಓದಿಗೆ, ಕೋರ್ಟಿಗೆ, ನೌಕರಿಗೆ ಮುಂಬಯಿಯತ್ತ ಮುಖಮಾಡಿದವರು, ಅತ್ತೆಯ ಮನೆಯವರಿಗೆ ಇದೆಲ್ಲ ಮದ್ರಾಸು. ನಾನು ಇವತ್ತು ಖಾರಘರದಲ್ಲಿ ಕೂತು ಕೋಡ್ ಬರೆಯುತ್ತಿರುವುದಕ್ಕೂ ಆ ಗೆರೆಗೂ ಸಂಬಂಧ ಇದೆ ಅನ್ನೋದು ಅತ್ತೆ ಬೈದ ಮೇಲೇ ಹೊಳೆದದ್ದು.

ತಪ್ಪಿನ ಮೂಲ ಹುಡುಕಿದೆ. ನಾನು ಓದಿದ್ದು ಬಾಂಬೆ ಗೆಜೆಟಿಯರಿನ 15ನೇ ಸಂಪುಟ, 'ಕೆನರಾ'. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ್ದು, 1883ರದ್ದು, ಎರಡು ಭಾಗ. ಹೆಸರು 'ಕೆನರಾ' ಅಂತಿದ್ದರೂ ಒಳಗಿರುವುದು ಇಂದಿನ ಉತ್ತರ ಕನ್ನಡ ಮಾತ್ರ. ದಕ್ಷಿಣದ ಅರ್ಧ ಬೇಕಾದರೆ ಮದ್ರಾಸ್ ಸರ್ಕಾರಕ್ಕಾಗಿ ಸ್ಟರಾಕ್ ಬರೆದ ಸೌತ್ ಕೆನರಾ ಮ್ಯಾನ್ಯುಯಲ್ ತೆಗೀಬೇಕು, ಅದು 1894ರದ್ದು. ಭಟ್ಕಳ ದಾಟಿ ಶಿರೂರು ಬಂದರೆ ಪುಸ್ತಕವೇ ಬದಲಾಗುತ್ತೆ. ಮೀನು ಅದೇ, ಭತ್ತದ ಗದ್ದೆ ಅದೇ, ನೆಂಟರು ಅವರೇ. ಅಧಿಕಾರಿಗಳು ಹಾಕಿದ ಗೆರೆ ಪುಸ್ತಕಗಳನ್ನೂ ಕುಯ್ದಿದೆ. ಒಂದನ್ನೇ ಓದಿದ ನನ್ನಂಥವನು ಅರ್ಧ ಕರಾವಳಿಯನ್ನೇ ಪೂರ್ತಿ ಅಂದುಕೊಳ್ತಾನೆ.

ಗೆರೆ ಮೊದಲು ಇರಲಿಲ್ಲ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕಂಪನಿ ಇಡೀ ಕೆನರಾವನ್ನು ತಗೊಂಡಿತು, ಥಾಮಸ್ ಮನ್ರೋ ಮೊದಲ ಕಲೆಕ್ಟರ್. 1801ರಲ್ಲಿ ವೆಲ್ಲೆಸ್ಲಿಯ ಅಪ್ಪಣೆ ಮೇಲೆ ಬಂದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಈ ಕರಾವಳಿಯನ್ನು ಒಂದೇ ಓಟದಲ್ಲಿ ನೋಡಿಕೊಂಡು ಕಾರವಾರದ ಪಕ್ಕದ ಸದಾಶಿವಗಡದವರೆಗೆ ಹೋದ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ಕುಂದಾಪುರದಿಂದ ಹೊನ್ನಾವರಕ್ಕೆ ಹೋಗುವಾಗ ಯಾವ ಗಡಿಯೂ ಅಡ್ಡ ಬರಲ್ಲ.

ಮತ್ತೆ ಯಾಕೆ ಬಂತು? ಉತ್ತರ ಸಿಕ್ಕಿದ್ದು ಒಂದು ಸ್ಪೆಲಿಂಗಿನಿಂದ. ಸ್ಕ್ಯಾನ್ ಆದ ಹಳೇ ಪುಸ್ತಕಗಳಲ್ಲಿ 'ಕುಮಟಾ' ಅಂತ ಹುಡುಕಿದರೆ ಏನೂ ಸಿಗಲ್ಲ, ಅವರು ಬರೆಯೋದು 'ಕೂಂಪ್ಟಾ' ಅಂತ. ಹೊನ್ನಾವರ 'ಓನೋರ್', ಬಸರೂರು 'ಬಾರ್ಸಲೋರ್'. ನಾನೊಂದು ಚಿಕ್ಕ ಪ್ರೋಗ್ರಾಂ ಬರೆದು ಎಲ್ಲ ರೂಪಗಳನ್ನೂ ಒಟ್ಟಿಗೆ ಹುಡುಕಿಸಿದೆ. ಎಂಟೆಕ್ ಅಲ್ಲಾದರೂ ಉಪಯೋಗಕ್ಕೆ ಬರಲಿ! ಕೂಂಪ್ಟಾ ಅಂತ ಹಾಕಿದ ಕೂಡಲೇ ರಾಶಿ ರಾಶಿ ಬಂದದ್ದು ಊರಿನ ವಿಷಯ ಅಲ್ಲ, ಹತ್ತಿಯ ವಿಷಯ. ಕುಮಟೆಯಲ್ಲಿ ಹತ್ತಿ ಬೆಳೆಯುತ್ತಾ? ಇಲ್ಲ. ಧಾರವಾಡ ಸೀಮೆಯ ಹತ್ತಿ ಎತ್ತುಗಳ ಮೇಲೆ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಹಡಗು ಹತ್ತಿದ ಊರಿನ ಹೆಸರೇ ಹತ್ತಿಗೂ ಅಂಟಿಕೊಂಡಿತು.

ಈಗ ನೋಡಿ. ಹತ್ತಿ ಬೆಳೆಯುವ ಧಾರವಾಡ ಬಾಂಬೆಯದು, ಹಡಗು ಹತ್ತಿಸುವ ಬಂದರು ಮದ್ರಾಸಿನದು. ನಡುವಿನ ಘಟ್ಟದ ರಸ್ತೆಗೆ ದುಡ್ಡು ಹಾಕೋದು ಯಾರು? ಮದ್ರಾಸಿಗೆ ಈ ಮೂಲೆ ದೂರ, ಲಾಭ ಬೇರೆಯವರದು. 1860ರಲ್ಲಿ ಹುಟ್ಟಿದ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಸದಾಶಿವಗಡಕ್ಕೆ ಯಂತ್ರ ಕಳಿಸಿದರೆ, ಅವನ್ನು ಮೇಲಕ್ಕೆ ಸಾಗಿಸಲು ರಸ್ತೆಯೇ ಮುಗಿದಿರಲಿಲ್ಲ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಿತು, ಲ್ಯಾಂಕಾಶೈರಿನ ಗಿರಣಿಗಳು ಒದ್ದಾಡಿದವು. 1862ರಲ್ಲಿ ಉತ್ತರದ ತಾಲ್ಲೂಕುಗಳನ್ನು ಬಾಂಬೆಗೆ ಕೊಟ್ಟರು. ಕುಂದಾಪುರ ತಾಲ್ಲೂಕು ಮದ್ರಾಸಿನಲ್ಲೇ ಉಳಿಯಿತು, ಬೈಂದೂರು ಇದ್ದದ್ದು ಅದರಲ್ಲಿ. ಅತ್ತೆ ಹೇಳಿದ್ದೇ ಸರಿ.

ಆ ಹತ್ತಿ ಏನಾಯ್ತು? 1865ಕ್ಕೆ ಅಮೆರಿಕದ ಯುದ್ಧ ಮುಗಿದು ಬೆಲೆ ಬಿತ್ತು. 1880ರ ದಶಕದ ಕೊನೆಗೆ ರೈಲು ಬಂತು, ಆದರೆ ಅದು ಘಟ್ಟ ಇಳಿದದ್ದು ಗೋವಾದ ಮುರ್ಮಗೋವೆಗೆ, ಕಾರವಾರಕ್ಕಲ್ಲ. ದೊಡ್ಡ ಬಂದರಿನ ಕನಸು ಅಲ್ಲಿಗೆ ಮುಗೀತು. ಗೆರೆ ಮಾತ್ರ 1956ರವರೆಗೆ ಎರಡು ರಾಜ್ಯಗಳ ಗಡಿಯಾಗಿ ಉಳಿಯಿತು. ಇವತ್ತಿಗೂ ಅದು ಉಡುಪಿ–ಉತ್ತರ ಕನ್ನಡ ಜಿಲ್ಲೆಗಳ ಗಡಿ.

ಇನ್ನೊಂದು ವಿಷಯ. 1880ರ ದಶಕದ ಆರಂಭದಲ್ಲಿ ಕಾರವಾರದ ಜಡ್ಜ್ ಆಗಿದ್ದವರು ಸತ್ಯೇಂದ್ರನಾಥ ಟಾಗೋರ್, ಐಸಿಎಸ್ ಪಾಸಾದ ಮೊದಲ ಭಾರತೀಯ, ಬಾಂಬೆ ಪ್ರೆಸಿಡೆನ್ಸಿಯ ಅಧಿಕಾರಿ. ತಮ್ಮ ರವೀಂದ್ರನಾಥ ಅಲ್ಲಿಗೆ ಬಂದು ಅಣ್ಣನ ಮನೆಯಲ್ಲಿದ್ದಾಗ 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದರು. ಕಾರವಾರ ಮದ್ರಾಸಿನಲ್ಲೇ ಇದ್ದಿದ್ದರೆ ಬಾಂಬೆಯ ಜಡ್ಜಿಗೆ ಅಲ್ಲೇನು ಕೆಲಸ! ಕಡಲತೀರಕ್ಕೆ ಟಾಗೋರರ ಹೆಸರಿಟ್ಟು ಹೆಮ್ಮೆಪಡುವಾಗ ಹತ್ತಿಯನ್ನು ಯಾರೂ ನೆನೆಯಲ್ಲ.

ಪನ್ವೇಲಿನಿಂದ ರಾತ್ರಿ ಕೊಂಕಣ ರೈಲು ಹತ್ತಿದರೆ ಬೆಳಗ್ಗೆ ಕಿಟಕಿಯಲ್ಲಿ ಕಾರವಾರ, ಕುಮಟಾ, ಹೊನ್ನಾವರ, ಭಟ್ಕಳ, ಆಮೇಲೆ ಬೈಂದೂರು. ಗಡಿ ಎಲ್ಲಿ ದಾಟಿತು ಅಂತ ಗೊತ್ತೇ ಆಗಲ್ಲ. ಹೋದ ತಿಂಗಳು ಹಾಗೇ ಹೋಗಿ ಬಂದೆ. ಅತ್ತೆ ಮಾವಯ್ಯನ ಕೇಸಿನ ಕಾಗದದ ಕಟ್ಟು ಕೊಟ್ಟಿದ್ದಾರೆ, ಮೇಲೆಲ್ಲ ಮದ್ರಾಸಿನ ಮೊಹರು. ಮುಂದಿನ ಸಲ ಅದನ್ನು ಬಿಚ್ಚೋಣ.